ಬಿಸಿಲು ಕುಡಿಯೋ ಗಾಡಿ

ನಮ್ಮ ಎಂಜಿನಿಯರಿಂಗ್ ಕಾಲೇಜಿನ ಗೇಟಿಗೊಂದು ಕಮಾನು ಇದೆ. ಅದರ ಮೇಲೆ, ದಾರಿಯಲ್ಲಿ ಹೋಗುವ ಎಮ್ಮೆಗೂ ಕಾಣಿಸುವಷ್ಟು ದಪ್ಪ ಅಕ್ಷರದಲ್ಲಿ, ‘ಕೈಯಾರೆ ಕಲಿ, ಕಲಿಯಾಗು’ ಎಂದು ಬರೆಸಿದ್ದಾರೆ. ಆ ಕಮಾನಿನ ಕೆಳಗೆ ನಾಲ್ಕು ವರ್ಷ ಓಡಾಡಿದ ನನ್ನ ಕೈಗಳು ಕಲಿತದ್ದೇನಪ್ಪಾ ಅಂದರೆ, ಬೋರ್ಡಿನ ಮೇಲಿದ್ದದ್ದನ್ನು ಪುಸ್ತಕಕ್ಕೆ ಇಳಿಸುವುದು, ಮೇಷ್ಟರ ಮುಂದೆ ಕಟ್ಟಿಕೊಂಡು ನಿಲ್ಲುವುದು, ಗಣ್ಯರು ಬಂದರೆ ಒಂದಕ್ಕೊಂದು ಬಡಿದುಕೊಳ್ಳುವುದು. ವರ್ಕ್‌ಶಾಪ್ ಅಂತ ಒಂದಿತ್ತು. ಅಲ್ಲಿ ವರ್ಕೂ ಇರಲಿಲ್ಲ, ಶಾಪೂ ಇರಲಿಲ್ಲ. ಇದ್ದದ್ದು ವಿದ್ಯಾರ್ಥಿಗಳ ಶಾಪ ಮಾತ್ರ. ಕಬ್ಬಿಣ ಕಡೆಯುವ ಲೇತ್ ಯಂತ್ರಕ್ಕೆ ಸುತ್ತಲೂ ಹಗ್ಗ, ಹಗ್ಗಕ್ಕೆ ‘ಮುಟ್ಟಬಾರದು’ ಎಂಬ ಫಲಕ. ಲೇತಿನ ಪಾಠ ಲೇತಿಗೆ ಬೆನ್ನು ಹಾಕಿ ಬೋರ್ಡಿನ ಮೇಲೆ ನಡೆಯುತ್ತಿತ್ತು. ಆಯುಧಪೂಜೆಯ ದಿನ ಮಾತ್ರ ಕುಂಕುಮ ಇಡಲು ಹಗ್ಗದೊಳಗೆ ಬಿಡುತ್ತಿದ್ದರು. ಹಾಗಾಗಿ ಲೇತಿನ ವಿಷಯದಲ್ಲಿ ನನಗೆ ಭಕ್ತಿ ಇತ್ತು, ಜ್ಞಾನ ಇರಲಿಲ್ಲ.

ಕಾಲೇಜಿನ ಮುಂದಿನ ಹುಲ್ಲುಹಾಸಿನ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ, ನನ್ನ ಸಿಟ್ಟಿನ ಬೇರು ಇರುವುದೇ ಆ ಹುಲ್ಲಿನಲ್ಲಿ. ನಮ್ಮ ಊರಿಗೆ ಬಿಸಿಲು ದಿನಕ್ಕೊಂದು ಬೀದಿಯಂತೆ ಬರುತ್ತದೆ. ಇವತ್ತು ಸುಣ್ಣದ ಬೀದಿಗೆ ಬಂದರೆ ನಾಳೆ ಅದರ ಪಕ್ಕದ ಬೀದಿಗೆ, ನಾಳಿದ್ದು ಅದರಾಚೆಗೆ. ಉಳಿದ ಬೀದಿಗಳಲ್ಲೆಲ್ಲ ಪರದೆ ಎಳೆದ ಕೋಣೆಯಂಥ ಬೆಳಕು. ಪೇಪರ್ ಓದಬಹುದು, ಪಂಚೆ ಒಣಗುವುದಿಲ್ಲ. ಊರೆಲ್ಲ ಸುತ್ತಿ ಅದು ಮತ್ತೆ ನಿಮ್ಮ ಬೀದಿಗೆ ಬರುವಷ್ಟರಲ್ಲಿ ನೀವು ಬಿಸಿಲಿನ ಬಣ್ಣವನ್ನೇ ಮರೆತಿರುತ್ತೀರಿ. ಆದ್ದರಿಂದ ಬಿಸಿಲು ಬಂದ ಬೀದಿಯವರು ಅವತ್ತು ತಮ್ಮ ಮಾಳಿಗೆ, ಜಗಲಿ, ಅಂಗಳ ಎಲ್ಲವನ್ನೂ ಊರಿಗೆ ಬಿಟ್ಟುಕೊಡುತ್ತಾರೆ. ಬೇರೆ ಬೀದಿಯವರು ಚಾಪೆ, ಹಾಸಿಗೆ, ಮೆಣಸಿನಕಾಯಿ, ಎಳೆಗೂಸು, ಮಂಡಿನೋವಿನ ಅತ್ತೆ ಎಲ್ಲವನ್ನೂ ಹೊತ್ತು ತಂದು ಹರವುತ್ತಾರೆ.

ಇದಕ್ಕೊಂದು ರೀತಿ ಇದೆ. ಒಬ್ಬರು ಒಣಹಾಕಿದ್ದರ ಮೇಲೆ ಇನ್ನೊಬ್ಬರು ನೆರಳು ಬೀಳಿಸಬಾರದು. ಬಿದ್ದೇಬಿಟ್ಟರೆ ನಿಂತು ‘ತಗೊಂಡೆ’ ಅನ್ನಬೇಕು. ಚಾಪೆಯವರು ‘ಕೊಡು’ ಅನ್ನುತ್ತಾರೆ. ಅಷ್ಟೇ. ಮುಂದೆ ನಿಮ್ಮ ಬೀದಿಗೆ ಬಿಸಿಲು ಬಂದ ದಿನ ಅವರನ್ನು ಕರೆದು ಜಾಗ ಕೊಡಬೇಕು. ಕೊಡದಿದ್ದರೆ ಯಾರೂ ಬೈಯುವುದಿಲ್ಲ, ಪಂಚಾಯ್ತಿ ಸೇರುವುದಿಲ್ಲ. ನಿಮ್ಮ ಮನೆಯವರಿಗೆ ಊರಿನಲ್ಲಿ ಇನ್ನು ಯಾವ ಮಾಳಿಗೆಯ ಮೇಲೂ ಒಂದು ಕರ್ಚೀಫು ಹರವಲು ಜಾಗ ಸಿಗುವುದಿಲ್ಲ. ಹೀಗಾಗಿ ನಾವು ನಡಿಗೆ ಕಲಿಯುವಾಗಲೇ ಬಗ್ಗಿ ನಡೆಯುವುದನ್ನೂ ಕಲಿಯುತ್ತೇವೆ. ಊರಿನಲ್ಲಿ ಕೊಡೆ ಹಿಡಿಯುವವರಿಲ್ಲ. ಸೈಕಲ್ಲಾಗಲಿ ಎತ್ತಿನಗಾಡಿಯಾಗಲಿ, ಬಿಸಿಲಿನ ಬೀದಿಗೆ ಬಂದರೆ ಗೋಡೆಯ ನೆರಳಿಗೆ ಒತ್ತಿ ನಿಲ್ಲಿಸುತ್ತೇವೆ. ನಮ್ಮಮ್ಮನದು ಹಪ್ಪಳ ಸಂಡಿಗೆ ಮಾಡಿ ಮಾರುವ ಕೆಲಸ. ಬಿಸಿಲು ಹೋದ ಬೀದಿಗೆಲ್ಲ ಅವಳೂ ಬುಟ್ಟಿ ಹೊತ್ತು ಹೋಗುತ್ತಾಳೆ. ಊರಿನ ಅಷ್ಟೂ ಮಾಳಿಗೆಗಳು ಸೇರಿದರೆ ಅವಳ ಕಾರ್ಖಾನೆ.

ಈ ಊರಿನಲ್ಲಿ ಬಿಸಿಲು ಬಂದ ದಿನ ಬೀಗ ಹಾಕುವ ಗೇಟು ಒಂದೇ ಒಂದು. ನಮ್ಮ ಕಾಲೇಜಿನದು. ಅವತ್ತು ತರಗತಿಗೆ ರಜೆ, ಊರಿಗೆ ಪ್ರವೇಶವಿಲ್ಲ, ಬಿಸಿಲೆಲ್ಲ ಹುಲ್ಲಿಗೆ. ಆ ಹುಲ್ಲನ್ನು ಹಸು ಮೇಯಲಿಲ್ಲ, ಮಕ್ಕಳು ಆಡಲಿಲ್ಲ. ಪ್ರಿನ್ಸಿಪಾಲ್ ಪರಶಿವಮೂರ್ತಿಯವರು ಕಿಟಕಿಯಿಂದ ನೋಡುತ್ತಿದ್ದರು, ಅಷ್ಟೇ.

ಹೀಗಿರುವಾಗ ಮೇಲಿನಿಂದ ಹೊಸ ನಿಯಮ ಬಂತು. ಕೊನೆಯ ವರ್ಷದವರು ತಮ್ಮ ಕೈಯಿಂದಲೇ ಏನಾದರೂ ತಯಾರಿಸಬೇಕು, ಅದು ಕೆಲಸ ಮಾಡಬೇಕು, ಹೊರಗಿನ ಪರೀಕ್ಷಕರು ಬಂದು ನೋಡಿ ಒಪ್ಪಬೇಕು. ಇಲ್ಲದಿದ್ದರೆ ವಿದ್ಯಾರ್ಥಿಗೆ ಡಿಗ್ರಿ ಇಲ್ಲ, ಕಾಲೇಜಿಗೆ ಮಾನ್ಯತೆ ಇಲ್ಲ. ಪ್ರಿನ್ಸಿಪಾಲರು ನನ್ನನ್ನು, ನಜೀಮಾಳನ್ನು ಮತ್ತು ಬಸವಂತನನ್ನು ಕರೆಸಿದರು. ನಮ್ಮನ್ನೇ ಯಾಕೆ ಅಂದರೆ, ನಾವು ಮೂವರೂ ಒಮ್ಮೆ ಲೇತ್ ಮುಟ್ಟಿ ಸಿಕ್ಕಿಬಿದ್ದವರು.

“ಸೋಲಾರ್ ಕಾರು ಮಾಡ್ರೀ” ಅಂದರು, ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಚಿತ್ರ ತೋರಿಸಿ. “ಬಿಸಿಲಲ್ಲಿ ಓಡುತ್ತೆ. ಸೋಲಾರ್ ಅಂದ್ರೆ ಏನು? ಸೋಲಲಾರರು!”

“ಸಾರ್, ಬಿಸಿಲಿರೋದು ಒಂದೇ ಬೀದೀಲಿ” ಅಂದಳು ನಜೀಮಾ.

“ಒಂದೇ ಬೀದೀಲಿ ಓಡಿಸ್ರೀ.”

“ಬೀದಿ ತುಂಬಾ ಚಾಪೆ ಇರುತ್ತಲ್ಲ ಸಾರ್.”

“ನೀವು ಎಂಜಿನಿಯರ್ರಾ, ಚಾಪೆ ಲೆಕ್ಕ ಮಾಡೋರಾ? ನಾನು ಐಡಿಯಾ ಕೊಟ್ಟಿದ್ದೀನಿ. ಮಿಕ್ಕಿದ್ದು ಸಣ್ಣಪುಟ್ಟ ಕೆಲಸ.”

ಆ ಸಣ್ಣಪುಟ್ಟ ಕೆಲಸ ವರ್ಕ್‌ಶಾಪಿನಲ್ಲಿ ಮಾಡುವ ಹಾಗಿರಲಿಲ್ಲ, ನೆಲಕ್ಕೆ ಎಣ್ಣೆ ಬೀಳುತ್ತದಂತೆ. ಬಸವಂತನ ಮನೆಯ ಹಿಂದೆ ಖಾಲಿ ಬಿದ್ದಿದ್ದ ಕೊಟ್ಟಿಗೆಗೆ ಹೋದೆವು. ಪ್ಯಾನಲ್ಲು, ಬ್ಯಾಟರಿ, ಮೋಟರು ಕಾಲೇಜಿನಿಂದ ಬಂದವು. ಉಳಿದದ್ದಕ್ಕೆಲ್ಲ ಗುಜರಿಯೇ ಗುರು. ಎರಡು ಕಬ್ಬಿಣದ ಮಂಚ ಕತ್ತರಿಸಿ ಗಾಡಿಯ ಚೌಕಟ್ಟು, ಅಂದರೆ ಚಾಸಿ, ಮಾಡಿದೆವು. ಸೈಕಲ್ ಚಕ್ರ ಹಾಕಿದೆವು, ಬಸವಂತ ಹತ್ತಿ ಕೂತ ಕೂಡಲೇ ಅವು ನಮಸ್ಕಾರ ಹಾಕಿದವು. ಮೋಪೆಡ್ ಚಕ್ರ ಹಾಕಿದೆವು. ನಟ್ಟು ಬಿಗಿಮಾಡುವುದು ಬಲಕ್ಕೆ, ಬಿಚ್ಚುವುದು ಎಡಕ್ಕೆ ಎಂಬ ಸತ್ಯ ನನಗೆ ತಿಳಿದದ್ದು ಆ ಕೊಟ್ಟಿಗೆಯಲ್ಲಿ, ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿ, ಒಂದು ನಟ್ಟನ್ನು ಬಿಚ್ಚುತ್ತೇನೆಂದು ಜೀವಬಿಟ್ಟು ಬಿಗಿಮಾಡಿದ ಮೇಲೆ. ನಗಬೇಡಿ. ನನಗೆ ಆ ನಟ್ಟಿನ ಒಳಗೆ ಎಷ್ಟು ಬಲ ಹುಟ್ಟುತ್ತದೆ ಎಂಬುದನ್ನು ಸಮೀಕರಣದಲ್ಲಿ ಬರೆಯಲು ಬರುತ್ತಿತ್ತು. ಯಾವ ಕಡೆ ತಿರುಗಿಸಬೇಕು ಅನ್ನುವುದನ್ನು ಯಾರೂ ಹೇಳಿರಲಿಲ್ಲ.

ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಯಿತು. “ಪರವಾಗಿಲ್ಲ, ಅಭ್ಯಾಸ ಆಗುತ್ತೆ” ಅಂದ ಬಸವಂತ. “ನಿಂಗೆ ಆಗುತ್ತೆ, ಎದುರಿಗೆ ಬರೋರಿಗೆ?” ಎಂದು ನಜೀಮಾ ಬಿಚ್ಚಿಸಿದಳು. ಮತ್ತೆ ಜೋಡಿಸಿದೆವು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು, ಬಸವಂತನ ಹುಬ್ಬಿನ ಅರ್ಧ ವೆಲ್ಡಿಂಗಿಗೆ ಆಹುತಿಯಾಯಿತು, ನಜೀಮಾ ಒಂದು ವೈರು ತಪ್ಪು ಜಾಗಕ್ಕೆ ಮುಟ್ಟಿಸಿ ಫ್ಯೂಸು ಸುಟ್ಟು, ತಾನೇ ಹುಡುಕಿ, ತಾನೇ ಸರಿಮಾಡಿ, ಮದುವೆಮನೆಯ ಹುಡುಗಿಯ ಹಾಗೆ ಮಿಂಚಿದಳು. ಆ ಕೊಟ್ಟಿಗೆಯಲ್ಲಿ ನನಗೆ ಮೊದಲ ಸಲ ಕಾಲೇಜಿಗೆ ಸೇರಿದ ಹಾಗೆ ಅನ್ನಿಸಿತು. ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಈ ಸಂತೋಷವನ್ನು ಹಗ್ಗ ಕಟ್ಟಿ ಇಟ್ಟಿದ್ದರಲ್ಲಾ!

ಗಾಡಿ ತಯಾರಾಗುವ ಹೊತ್ತಿಗೆ ಬಿಸಿಲು ಕಾಲೇಜಿನ ಬೀದಿಗೆ ಬರುವುದಿತ್ತು. ಪ್ರಿನ್ಸಿಪಾಲರ ಹತ್ತಿರ ಹೋಗಿ, ಅವತ್ತು ಗಾಡಿಯನ್ನು ಹುಲ್ಲಿನ ಮೇಲೆ ನಿಲ್ಲಿಸಿ ಬ್ಯಾಟರಿ ತುಂಬಿಸಿಕೊಳ್ಳುತ್ತೇವೆ ಅಂದೆವು.

“ಲಾನ್ ಮೇಲೆ ಚಕ್ರ ಹತ್ತಿಸ್ತೀರಾ?” ಅಂದರು, ನಾವು ಅವರ ಎದೆಯ ಮೇಲೆ ಹತ್ತಿಸುತ್ತೇವೆ ಅಂದ ಹಾಗೆ. “ಊರು ಇಷ್ಟು ದೊಡ್ಡದಿದೆ, ಬೇರೆ ಎಲ್ಲಾದ್ರೂ ತುಂಬ್ಸಿಕೊಳ್ರೀ.”

ಹುಲ್ಲು ಅವತ್ತು ಹೊಟ್ಟೆ ತುಂಬ ಬಿಸಿಲು ಉಂಡಿತು. ನಾವು ಗೇಟಿನ ಹೊರಗೆ ನಿಂತು ನೋಡಿದೆವು. ಮಾರನೆಯ ದಿನ ಬಿಸಿಲು ಸುಣ್ಣದ ಬೀದಿಗೆ ದಾಟಿತು. ಗಾಡಿಯನ್ನು ಅಲ್ಲಿಗೆ ತಳ್ಳಿಕೊಂಡು ಹೋದೆವು.

ಬೆಳಿಗ್ಗೆಯಿಂದ ಕಾದೆವು. ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಬಸವಂತ ವೈರು ಬಿಚ್ಚಿ ಕಟ್ಟಿದ. ನಾನು ಮೀಟರಿಗೆ ಒಂದು ಏಟು ಕೊಟ್ಟೆ. “ಪ್ಯಾನಲ್ಲೇ ಕೆಟ್ಟೋಗಿದೆ ಕಣ್ರೇ” ಅಂದ ಬಸವಂತ. “ಕ್ಯಾಲೆಂಡರ್ ಕಂಪನೀದೇ ಇರ್ಬೇಕು.” ಬೀದಿಯ ತುಂಬ ಬಿಸಿಲು ಧಗಧಗ ಅನ್ನುತ್ತಿತ್ತು, ನಮ್ಮ ಗಾಡಿ ಉಪವಾಸ ಕೂತಿತ್ತು. ನಜೀಮಾ ಪ್ಯಾನಲ್ಲಿನ ಧೂಳು ಒರೆಸಲು ದುಪಟ್ಟಾ ತೆಗೆದು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತುಬಿಟ್ಟಳು.

“ವಾರಿಜಾ, ನನ್ನ ನೆರಳು ಇದರ ಮೇಲೆ ಬೀಳ್ತಿಲ್ಲ.”

“ಒಳ್ಳೇದಾಯ್ತಲ್ಲ” ಅಂದೆ, ಊರಿನ ಮಗಳಾಗಿ.

“ಒಳ್ಳೇದಲ್ಲ ಕಣೇ, ದಡ್ಡಿ! ಬಿಸಿಲಿದ್ರೆ ನೆರಳು ಬೀಳ್ಬೇಕು. ನಾವು ಗಾಡೀನ ಎಲ್ಲಿ ನಿಲ್ಸಿದ್ದೀವಿ ನೋಡು!”

ನೋಡಿದೆ. ಗೋಡೆಯ ನೆರಳಿಗೆ ಒತ್ತಿ, ನೀಟಾಗಿ, ಒಂದು ಚಕ್ರದ ಅಂಚೂ ಬಿಸಿಲಿಗೆ ಚಾಚದ ಹಾಗೆ ನಿಲ್ಲಿಸಿದ್ದೆವು. ಹುಟ್ಟಿದಾಗಿನಿಂದ ಎಲ್ಲ ಗಾಡಿಗಳನ್ನೂ ಹಾಗೇ ನಿಲ್ಲಿಸಿದವರು ನಾವು. ಸೋಲಾರ್ ಕಾರನ್ನೂ ಹಾಗೇ ನಿಲ್ಲಿಸಿದ್ದೆವು. ಜಗತ್ತಿನಲ್ಲಿ ಇಂಥ ತಪ್ಪನ್ನು ನಮ್ಮ ಊರಿನವರು ಬಿಟ್ಟು ಇನ್ಯಾರೂ ಮಾಡಲಾರರು. ಬಸವಂತ ತನ್ನ ಉಳಿದರ್ಧ ಹುಬ್ಬನ್ನು ಉಜ್ಜಿಕೊಂಡ.

ಈಗ ಗಾಡಿಯನ್ನು ಬಿಸಿಲಿಗೆ ಎಳೆಯಬೇಕು. ಎಳೆದರೆ ಅದರ ಚಪ್ಪರದಂಥ ನೆರಳು ಚಾಪೆಗಳ ಮೇಲೆ ಬೀಳುತ್ತದೆ, ಹೊತ್ತು ತಿರುಗಿದ ಹಾಗೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಹತ್ತಿರದ ಚಾಪೆ ಪುಟ್ಟತಾಯವ್ವನದು. ಬ್ಯಾಡಗಿ ಮೆಣಸಿನಕಾಯಿ ಹರವಿಕೊಂಡು, ಅದಕ್ಕಿಂತ ಖಾರದ ನಾಲಿಗೆ ಇಟ್ಟುಕೊಂಡು ಕೂತಿದ್ದಳು.

“ಏನವ್ವಾ ಅದು?”

“ಬಿಸಿಲು ಕುಡಿಯೋ ಗಾಡಿ ಅಜ್ಜಿ.”

“ಕುಡ್ದು?”

“ಕುಡ್ದು ಓಡುತ್ತೆ.”

“ನಮ್ಮ ಯಜಮಾನ್ರೂ ಕುಡೀತಿದ್ರು. ಓಡೋಕಾಗ್ತಿರಲಿಲ್ಲ.” ಬೀದಿಯೆಲ್ಲ ನಕ್ಕಿತು. ಪಕ್ಕದಲ್ಲಿ ಹತ್ತಿ ಹರವಿದ್ದ, ಹಾಸಿಗೆ ಹೊಲಿಯುವ ಮಸ್ತಾನ್ ಸಾಬರು ನಗಲಿಲ್ಲ. “ನಮ್ಮ ಬೀದಿ ಬಿಸಿಲು ಕುಡ್ಕೊಂಡು ಬೇರೆ ಬೀದೀಲಿ ಓಡುತ್ತಾ? ಇದು ಯಾವ ನ್ಯಾಯಮ್ಮಾ?”

ನಾನು ಎಲ್ಲ ಹೇಳಿದೆ. ಪರೀಕ್ಷೆ, ಡಿಗ್ರಿ, ಹುಲ್ಲು. ಆಮೇಲೆ, ಬೇರೆ ದಾರಿ ಕಾಣದೆ, ಒಂದೊಂದು ಚಾಪೆಯ ಮುಂದೂ ಬಗ್ಗಿ ‘ತಗೊಂಡೆ’ ಅಂದೆ. ನಮ್ಮ ಹಳೆ ಗಿರಣಿ ಬೀದಿಗೆ ಬಿಸಿಲು ಬಂದ ದಿನ ನಮ್ಮ ಮಾಳಿಗೆ, ಅಂಗಳ, ಮನೆಮುಂದಿನ ಬೀದಿ ಎಲ್ಲ ನಿಮ್ಮದೇ ಅಂದೆ. ಅವರೂ ಒಬ್ಬೊಬ್ಬರಾಗಿ ‘ಕೊಡು’ ಅಂದರು. ಗಾಡಿಯನ್ನು ಎಳೆದೆವು. ಮುಳ್ಳು ನಿದ್ದೆಯಿಂದ ಎದ್ದ ಹಾಗೆ ಮೈಮುರಿದು ಮೇಲೆದ್ದಿತು. ಸಂಜೆಯಷ್ಟರಲ್ಲಿ ಬ್ಯಾಟರಿ ಭರ್ತಿ.

ಮನೆಗೆ ಬಂದು ಹೇಳಿದಾಗ ಅಮ್ಮ ಹಿಟ್ಟು ಕಲಸುತ್ತಿದ್ದವಳು ಕೈ ನಿಲ್ಲಿಸಿದಳು. “ಇಡೀ ಸುಣ್ಣದ ಬೀದಿಗೆ ಮಾತು ಕೊಟ್ಟು ಬಂದ್ಯಾ? ನನ್ನ ಸಂಡಿಗೆ ತಲೆ ಮೇಲೆ ಒಣಗಿಸ್ಲಾ?” ಸ್ವಲ್ಪ ಹೊತ್ತು ಹಿಟ್ಟನ್ನು ಗುದ್ದಿದಳು. “ಹೋಗ್ಲಿ. ಕೊಟ್ಟ ಮೇಲೆ ಕೊಟ್ಟ ಹಾಗೆ. ಆದ್ರೆ ನೆನಪಿಟ್ಕೋ ವಾರಿಜಾ, ಆ ಮಾತು ತಪ್ಪಿದ್ರೆ ಈ ಊರಲ್ಲಿ ನಂಗೆ ಒಂದು ಮಾಳಿಗೆ ಇರಲ್ಲ. ನಾವು ತಿನ್ನೋದು ಆ ಮಾಳಿಗೆಗಳ ಅನ್ನ.”

ತುಂಬಿದ ಗಾಡಿಯನ್ನು ಕಾಲೇಜಿಗೆ ಒಪ್ಪಿಸಿದೆವು. ಪ್ರಿನ್ಸಿಪಾಲರಿಗೆ ಎಷ್ಟು ಆನಂದವಾಯಿತೆಂದರೆ ಅದನ್ನು ಮುಂದಿನ ಹಾಲಿನಲ್ಲಿ ನಿಲ್ಲಿಸಿ, ಸುತ್ತ ಕೆಂಪು ಹಗ್ಗ ಕಟ್ಟಿಸಿ, ‘ಮುಟ್ಟಬಾರದು’ ಹಾಕಿಸಿದರು. ಮಾಡಿದವರು ಮುಟ್ಟಬಾರದು! ಬ್ಯಾಟರಿ ನೋಡುತ್ತೇನೆಂದು ಹೋದ ನಜೀಮಾಳನ್ನು ಅಟೆಂಡರು ಹಗ್ಗದಾಚೆಯಿಂದಲೇ ಹಿಂದೆ ಕಳಿಸಿದ. “ಸಾಹೇಬ್ರ ಕಾರು ಅದು” ಅಂದನಂತೆ. ಇಷ್ಟಾದ ಮೇಲೆ ಉದ್ಘಾಟನೆ ಅಂತ ಒಂದು ಉದ್ದಘಟನೆ ನಡೆಯಿತು. ಗಾಡಿಯ ಮೈಗೆಲ್ಲ ಮಿಣಮಿಣ ಬಲ್ಬಿನ ಸರ ಸುತ್ತಿಸಿದರು. ದಿನಾ ಯಾರೋ ಗಣ್ಯರು ಬರುವುದು, ಬಲ್ಬು ಹೊತ್ತಿಸುವುದು, ಹಾರ್ನ್ ಒತ್ತುವುದು, ಫೋಟೋ ಹೊಡೆಸಿಕೊಳ್ಳುವುದು. ನಮಗೆ ಕಿಟಕಿಯಿಂದ ಬಲ್ಬು ಕಾಣುತ್ತಿತ್ತು. ಅವು ಯಾವ ಕರೆಂಟಿನಲ್ಲಿ ಉರಿಯುತ್ತಿವೆ ಎಂದು ಕೇಳಿದರೆ ಅಟೆಂಡರು ‘ಕಾಲೇಜಿನ ಕರೆಂಟು’ ಅಂದಿದ್ದ. ನಂಬಿದೆವು.

ಪರೀಕ್ಷೆಯ ದಿನವನ್ನು ಪ್ರಿನ್ಸಿಪಾಲರು ಪಂಚಾಂಗ ನೋಡಿ ಇಟ್ಟರು. ಬಿಸಿಲು ಯಾವ ಬೀದಿಯಲ್ಲಿರುತ್ತದೆ ಎಂದು ನೋಡಲಿಲ್ಲ. ಅದು ಅವತ್ತು ನಮ್ಮ ಹಳೆ ಗಿರಣಿ ಬೀದಿಯಲ್ಲಿತ್ತು. ನನಗೇನೂ ಚಿಂತೆಯಿರಲಿಲ್ಲ. ಬ್ಯಾಟರಿ ತುಂಬಿದೆ, ಗಾಡಿ ಬೇಕಾದ ಬೀದಿಯಲ್ಲಿ ಓಡುತ್ತದೆ. ನಮ್ಮ ಬೀದಿಯ ಬಿಸಿಲನ್ನು ಸುಣ್ಣದ ಬೀದಿಯವರಿಗೆ ಕೊಟ್ಟರಾಯಿತು. ಬೆಳಿಗ್ಗೆಯೇ ಅವರೆಲ್ಲ ಬಂದಿದ್ದರು. ನಮ್ಮ ಮಾಳಿಗೆಯಿಂದ ಬೀದಿಯ ತುದಿಯವರೆಗೆ ಕೆಂಪು ಮೆಣಸಿನಕಾಯಿ, ಬಿಳಿ ಹತ್ತಿ, ಹುಣಸೆಹಣ್ಣು, ಹಾಸಿಗೆ. ಅಮ್ಮ ತನ್ನ ಸಂಡಿಗೆಯನ್ನು ಕಿಟಕಿಯ ಸಜ್ಜಾದ ಮೇಲೆ ಎರಡು ತಟ್ಟೆಯಲ್ಲಿ ಇಟ್ಟುಕೊಂಡಿದ್ದಳು.

ನಾವು ಕಾಲೇಜಿಗೆ ಹೋಗಿ, ಹಗ್ಗ ಬಿಚ್ಚಿಸಿ, ಗಾಡಿ ಹತ್ತಿ ಸ್ವಿಚ್ ಹಾಕಿದೆವು. ಮುಳ್ಳು ಕೆಳಗೆ ಮಲಗಿತ್ತು. ಮತ್ತೆ ಹಾಕಿದೆವು. ಬಸವಂತ ಬಲ್ಬಿನ ಸರದ ವೈರನ್ನು ಬೆರಳಿನಿಂದ ಹಿಂಬಾಲಿಸುತ್ತಾ ಹೋದ. ಅದು ಸೀಟಿನ ಕೆಳಗೆ ತೂರಿ ನಮ್ಮ ಬ್ಯಾಟರಿಗೇ ಸೇರಿತ್ತು. ಪುಟ್ಟತಾಯವ್ವನ ಬಿಸಿಲು, ಮಸ್ತಾನ್ ಸಾಬರ ಬಿಸಿಲು, ಒಂದು ಬೀದಿ ತಿಂಗಳಿಡೀ ಕಾದು ಪಡೆದ ಬಿಸಿಲು, ಅವರು ‘ಕೊಡು’ ಅಂದು ನಂಬಿ ಬಿಟ್ಟುಕೊಟ್ಟ ಬಿಸಿಲು, ಯಾರದೋ ಫೋಟೋದ ಹಿಂದೆ ಮಿಣಮಿಣ ಅಂದು ಮುಗಿದುಹೋಗಿತ್ತು. ನಾನು ಅಳಲಿಲ್ಲ. ಸ್ಪ್ಯಾನರು ಎತ್ತಿಕೊಂಡೆ, ಯಾರನ್ನಾದರೂ ಬಿಗಿಮಾಡಬೇಕು ಅನ್ನಿಸಿ.

ಮೂವರೂ ಗಾಡಿಯನ್ನು ತಳ್ಳಿಕೊಂಡು ಬಂದು ನಮ್ಮ ಬೀದಿಯ ತುದಿಯಲ್ಲಿ, ಮಂಕು ಬೆಳಕಿನಲ್ಲೇ ನಿಲ್ಲಿಸಿದೆವು. ಎದುರಿಗೇ ಗೆರೆ ಎಳೆದ ಹಾಗೆ ಬಿಸಿಲು. ಎರಡು ಹೆಜ್ಜೆ ಮುಂದೆ ತಳ್ಳಿದರೆ ಬ್ಯಾಟರಿ ತುಂಬುತ್ತದೆ, ಡಿಗ್ರಿ ಬರುತ್ತದೆ. ತಳ್ಳಿದರೆ, ವಾಪಸು ಕೊಟ್ಟ ಬಿಸಿಲನ್ನು ಕೊಟ್ಟ ದಿನವೇ ಕಿತ್ತುಕೊಂಡ ಹಾಗೆ. ಅಮ್ಮ ಬಂದು ಗೆರೆಯ ಆಚೆ ನಿಂತಳು. ಏನಾಯಿತೆಂದು ನನ್ನ ಮುಖ ನೋಡಿಯೇ ತಿಳಿದಳು.

“ಮುಂದೆ ತಳ್ಳಬೇಡ” ಅಂದಳು, ಮೆಲ್ಲಗೆ.

“ಇಲ್ಲಮ್ಮಾ” ಅಂದೆ. ನಜೀಮಾ, ಬಸವಂತ ಇಬ್ಬರೂ ಗಾಡಿಯಿಂದ ಕೈ ತೆಗೆದರು.

ಅಷ್ಟರಲ್ಲಿ, ಗಾಡಿ ಇತ್ತ ಬಂತೆಂದು ಅಟೆಂಡರಿನಿಂದ ತಿಳಿದು, ಬೀದಿಯ ಇನ್ನೊಂದು ತುದಿಯಿಂದ ಪ್ರಿನ್ಸಿಪಾಲರು ಬಂದರು, ಪಕ್ಕದಲ್ಲಿ ಹೊರಗಿನ ಪರೀಕ್ಷಕಿ ಮಂದಾಕಿನಿ ಮೇಡಂ. ಮೇಡಂ ತಮ್ಮ ಊರಿನ ಅಭ್ಯಾಸದಂತೆ ಕೊಡೆ ಬಿಚ್ಚಿಕೊಂಡಿದ್ದರು. ಕೊಡೆಯ ದುಂಡು ನೆರಳು ಚಾಪೆಯಿಂದ ಚಾಪೆಗೆ ಜಿಗಿಯುತ್ತಾ ಬರುವುದನ್ನು ನಮ್ಮ ಬೀದಿ ಉಸಿರು ಹಿಡಿದು ನೋಡಿತು. ಎಲ್ಲರ ಮುಖ ನೋಡಿ ಮೇಡಂ ನಿಂತರು.

“ಏನಾದ್ರೂ ತಪ್ಪಾಯ್ತಾ?”

“ನೆರಳು ಬಿತ್ತು ಮೇಡಂ” ಅಂದೆ. “ತಗೊಂಡೆ ಅನ್ಬೇಕು.”

ಅವರು ಕೊಡೆ ಮಡಚಿ ಪುಟ್ಟತಾಯವ್ವನ ಕಡೆ ತಿರುಗಿ “ತಗೊಂಡೆ ಅಮ್ಮಾ” ಅಂದರು.

“ಕೊಡು.”

“ನಮ್ಮೂರಿಗೆ ಬನ್ನಿ. ಬೇಡ ಅಂದ್ರೂ ಸುಡೋಷ್ಟು ಕೊಡ್ತೀನಿ.”

“ಮೇಷ್ಟ್ರೇ, ನಿಮ್ದೂ ಬಿತ್ತು” ಅಂದರು ಮಸ್ತಾನ್ ಸಾಬರು. ಪ್ರಿನ್ಸಿಪಾಲರ ನೆರಳು ಅವರ ಹತ್ತಿಯ ಮೇಲೆ ಆರಾಮವಾಗಿ ಮಲಗಿತ್ತು. ಪ್ರಿನ್ಸಿಪಾಲರಿಗೆ ಕೇಳಿಸಲಿಲ್ಲ. ಅವರು ನಮ್ಮನ್ನು ನೋಡುತ್ತಿದ್ದರು. “ಅಲ್ಲೇನ್ರೀ ನಿಂತಿದ್ದೀರಿ? ಮೇಡಂನ ಕೂರಿಸ್ಕೊಂಡು ಓಡಿಸ್ರೀ!”

“ಬ್ಯಾಟರಿ ಖಾಲಿ ಸಾರ್.”

“ಖಾಲಿ ಹೇಗಾಗುತ್ತೆ?”

“ಬಲ್ಬು ಸಾರ್!” ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಈ ಬೀದೀಲಿ ಕೂತಿದ್ದಾರಲ್ಲ, ಇವರೆಲ್ಲ ಸುಣ್ಣದ ಬೀದಿಯೋರು. ಇವರು ಮೆಣಸಿನಕಾಯಿ ಬೂಷ್ಟು ಹಿಡಿದ್ರೂ ಸರಿ ಅಂತ ಬಿಟ್ಟುಕೊಟ್ಟ ಬಿಸಿಲು ಅದು. ನಿಮ್ಮ ಹುಲ್ಲಿನ ಮೇಲೆ ಜಾಗ ಕೊಡ್ಲಿಲ್ಲ. ಇವರು ಕೊಟ್ರು. ಅದನ್ನ ನೀವು ಹಾರ್ನ್ ಊದಿ ಮುಗಿಸಿದ್ರಿ. ನಮಗೆ ಮುಟ್ಟೋಕೆ ಬಿಡ್ಲಿಲ್ಲ, ನೋಡೋಕೂ ಬಿಡ್ಲಿಲ್ಲ!”

ಮೇಡಂ ನನ್ನನ್ನು, ಅವರನ್ನು, ಬಲ್ಬಿನ ಸರವನ್ನು ನೋಡಿದರು. “ಗಾಡಿ ಓಡಿದ್ರೆ ಮಾತ್ರ ನಾನು ಒಪ್ಪಿಗೆ ಬರೆಯೋದು” ಅಂದರು. “ಸಂಜೆವರೆಗೂ ಇರ್ತೀನಿ.”

ಪ್ರಿನ್ಸಿಪಾಲರ ಹಣೆಯಲ್ಲಿ ಬೆವರು ಮೂಡಿತು. ಮಾನ್ಯತೆ ಹೋದರೆ ಹುಲ್ಲೂ ಹೋಗುತ್ತದೆ, ಕಿಟಕಿಯೂ ಹೋಗುತ್ತದೆ. “ಬಿಸಿಲು ಇಲ್ಲೇ ಇದೆಯಲ್ರೀ! ಎಳೀರಿ ಗಾಡೀನ. ಏಯ್, ಈ ಚಾಪೆ ಎತ್ರೀ ಎಲ್ಲಾ!”

ಒಬ್ಬರೂ ಏಳಲಿಲ್ಲ. ಪುಟ್ಟತಾಯವ್ವ ಒಂದು ಮೆಣಸಿನಕಾಯಿಯನ್ನು ಮಗ್ಗುಲು ಬದಲಿಸಿ ಇಟ್ಟಳು. “ಹುಡುಗರು ಒಂದ್ಸಲ ಕೇಳಿದ್ರು, ಕೊಟ್ವಿ. ಇವತ್ತು ವಾಪಸ್ಸೂ ಕೊಟ್ರು. ಅವರ ಲೆಕ್ಕ ಚುಕ್ತ. ಉರಿಸಿದೋರು ಯಾರೋ, ಈಗ ಅವರು ಕೇಳ್ಲಿ.”

“ಏನಂತ ಕೇಳ್ಬೇಕು?”

“ಈ ಊರಲ್ಲೇ ಸಂಬಳ ತಿಂತೀಯ, ಗೊತ್ತಿಲ್ವಾ?”

ಪ್ರಿನ್ಸಿಪಾಲರು ಮೇಡಂ ಕಡೆ ನೋಡಿ ನಕ್ಕರು. “ಇದೆಲ್ಲ ಇಲ್ಲಿನ ಮೂಢನಂಬಿಕೆ ಮೇಡಂ.” ಮೇಡಂ ನಗಲಿಲ್ಲ. “ನಾನು ಆಗಲೇ ‘ತಗೊಂಡೆ’ ಅಂದೆನಲ್ಲ ಸಾರ್” ಅಂದರು. “ಕಷ್ಟ ಏನಿಲ್ಲ.”

“ಆಯ್ತು ಆಯ್ತು. ಎಲ್ಲರಿಗೂ ಒಟ್ಟಿಗೆ ಹೇಳಿಬಿಡ್ತೀನಿ.”

“ಒಟ್ಟಿಗೆ ಹೇಗಾಗುತ್ತೆ?” ಅಂದಳು ನಮ್ಮಮ್ಮ. “ನೆರಳು ಒಂದೊಂದರ ಮೇಲೂ ಬೇರೆ ಬೇರೆ ಬೀಳುತ್ತಲ್ಲ ಸ್ವಾಮಿ.”

ಹಾಗೆ ನಮ್ಮ ಪ್ರಿನ್ಸಿಪಾಲರು ಚಾಪೆಯಿಂದ ಚಾಪೆಗೆ ಹೋದರು. ಮೊದಲು ನೆಟ್ಟಗೆ ನಿಂತು ಅಂದರು. ನೆರಳು ಇನ್ನೂ ಉದ್ದ ಬಿತ್ತು. ಎರಡನೆಯ ಚಾಪೆಯ ಹೊತ್ತಿಗೆ ಬಗ್ಗಿದರು. ಹತ್ತಿಯ ಮುಂದೆ ಬಗ್ಗಿದರು, ಹುಣಸೆಹಣ್ಣಿನ ಮುಂದೆ ಬಗ್ಗಿದರು, ಬಿಸಿಲು ಕಾಯಿಸುತ್ತಿದ್ದ ಒಂದು ಕೂಸಿನ ಮುಂದೆಯೂ ಬಗ್ಗಿ ‘ತಗೊಂಡೆ’ ಅಂದರು. ಮಗುವಿನ ಪರವಾಗಿ ಅದರಜ್ಜಿ ‘ಕೊಡು’ ಅಂದಳು. “ಎಲ್ಲಿ ಕೊಡ್ತೀರಿ?” ಎಂದು ಕೊನೆಗೆ ಪುಟ್ಟತಾಯವ್ವ ಕೇಳಿದಳು. ಅವರು ಕಾಲೇಜಿನ ದಿಕ್ಕಿಗೆ ನೋಡಿ ಹಣೆ ಒರೆಸಿಕೊಂಡರು. ಊರಿಗೆ ಉತ್ತರ ಗೊತ್ತಿತ್ತು.

ಬಲ್ಬಿನ ಸರವನ್ನು ನಜೀಮಾ ಒಂದೇ ಎಳೆತಕ್ಕೆ ಕಿತ್ತುಹಾಕಿದಳು. ಗಾಡಿಯನ್ನು ಬಿಸಿಲಿಗೆ ತಳ್ಳಿದೆವು, ಈ ಸಲ ನಟ್ಟನಡುವೆ. ಮೇಡಂ ನಮ್ಮ ಜಗಲಿಯ ಮೇಲೆ ಕೂತು ಅಮ್ಮ ಕರಿದ ಸಂಡಿಗೆ ತಿನ್ನುತ್ತಾ, ಸ್ಟೀರಿಂಗನ್ನು ಹೇಗೆ ಜೋಡಿಸಿದಿರಿ, ಫ್ಯೂಸು ಯಾಕೆ ಸುಟ್ಟಿತು ಎಂದು ಕೇಳುತ್ತಾ ಹೋದರು. ಗೋಡೆಯ ನೆರಳಿನಲ್ಲಿ ನಿಲ್ಲಿಸಿದ್ದನ್ನು ಬಸವಂತ ಹೇಳಿದಾಗ ನಕ್ಕು ನಕ್ಕು ಸಂಡಿಗೆ ನೆತ್ತಿಗೆ ಹತ್ತಿಸಿಕೊಂಡರು. ಹೊತ್ತು ಇಳಿಯುವ ಮೊದಲು ಬಸವಂತ ಸ್ಟೀರಿಂಗ್ ಹಿಡಿದ, ಮೇಡಂ ಪಕ್ಕದಲ್ಲಿ ಕೂತರು. ಗಾಡಿ ಬಿಸಿಲಿನ ಗೆರೆ ದಾಟಿ ಮಂಕು ಬೀದಿಗಳಿಗೆ ಇಳಿಯಿತು. ಬಿಸಿಲು ಬರಲು ಇನ್ನೂ ಬಹಳ ದಿನವಿದ್ದ ಬೀದಿಯವರು ಬಾಗಿಲಿಗೆ ಬಂದು ನಿಂತರು. ಒಬ್ಬ ಮುದುಕ ಓಡುತ್ತಿದ್ದ ಗಾಡಿಯ ಮೈ ಮುಟ್ಟಿ, “ಬೆಚ್ಚಗೈತೆ ಕಣ್ಲಾ!” ಅಂದ. ಕಾಲೇಜಿನ ಕಮಾನಿನವರೆಗೂ ಓಡಿತು. ನಮಗೆ ಡಿಗ್ರಿ ಬಂತು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟೂ ಇಳಿಯುತ್ತಿತ್ತೇನೋ. ಆದರೆ ವಾರದೊಳಗೆ ಕಾಲೇಜಿನಲ್ಲಿ ಸನ್ಮಾನ ಸಮಾರಂಭ. ಶಾಲು ಹೊದ್ದವರು ಯಾರು ಅಂದುಕೊಂಡಿರಿ? ‘ವಿದ್ಯಾರ್ಥಿಗಳಿಗೆ ಕೈಹಿಡಿದು ಕಲಿಸಿದ’ ಪರಶಿವಮೂರ್ತಿಯವರು! ನಮ್ಮ ಕೈಗಳಿಗೆ ಹಳೆಯ ಕೆಲಸವೇ ಸಿಕ್ಕಿತು, ಚಪ್ಪಾಳೆ. ಗಾಡಿ ಮತ್ತೆ ಹಾಲಿಗೆ ಹೋಯಿತು, ಹಗ್ಗ ಮತ್ತೆ ಬಂತು, ಫಲಕ ಮತ್ತೆ ಹತ್ತಿತು. ಬಿಸಿಲು ಒಂದೊಂದೇ ಬೀದಿ ದಾಟುತ್ತಾ ಕಾಲೇಜಿನ ಬೀದಿಗೆ ಬಂದ ದಿನ, ಬೆಳಿಗ್ಗೆ ಊರು ಚಾಪೆ ಹೊತ್ತು ಹೋದರೆ, ಗೇಟಿಗೆ ಎಂದಿ‌ನಂತೆ ಬೀಗ. ಒಳಗೆ ಹುಲ್ಲು ಒಂಟಿಯಾಗಿ ಮಿರಮಿರ ಮಿಂಚುತ್ತಿತ್ತು.

“ಅಂದಿದ್ದು ಅವತ್ತಿಗೆ, ಕೊಡೋದು ಯಾವತ್ತಿಗೋ” ಅಂದರು ಮಸ್ತಾನ್ ಸಾಬರು. ಪುಟ್ಟತಾಯವ್ವ ಬುಟ್ಟಿ ಇಳಿಸಿ ಗೇಟಿನ ಮುಂದೆಯೇ ಕೂತಳು. ಅಮ್ಮ ನನ್ನನ್ನು ನೋಡಿದಳು.

ನಾನು ಬೀಗವನ್ನು ನೋಡಲಿಲ್ಲ. ಗೇಟಿನ ಕೀಲುಗಳನ್ನು ನೋಡಿದೆ. ಒಂದೊಂದು ಕೀಲಿಗೂ ದಪ್ಪ ಬೋಲ್ಟು, ಬೋಲ್ಟಿಗೆ ನಟ್ಟು. “ಬಸವಂತಾ, ಸ್ಪ್ಯಾನರ್ ಇದೆಯಾ?”

“ನಾನು ಊಟಕ್ಕೆ ಚಮಚ ಮರೆತರೂ ಸ್ಪ್ಯಾನರ್ ಮರೆಯಲ್ಲ.”

“ಯಾವ ಕಡೆ ತಿರುಗಿಸ್ಬೇಕು?” ಎಂದು ನಜೀಮಾ ಪರೀಕ್ಷಕಿಯ ದನಿಯಲ್ಲಿ ಕೇಳಿದಳು.

“ಎಡಕ್ಕೆ!” ಅಂದೆ. ನಾಲ್ಕು ವರ್ಷದ ನನ್ನ ವಿದ್ಯೆಯನ್ನೆಲ್ಲ ತೋಳಿಗೆ ತಂದುಕೊಂಡು ತಿರುಗಿಸಿದೆ.

ಬೀಗಕ್ಕೆ ಒಂದು ಗೀರೂ ಬೀಳಲಿಲ್ಲ. ಗೇಟನ್ನು ಬೀಗದ ಸಮೇತ ಎತ್ತಿ, ಕಮಾನಿನ ಕಂಬಕ್ಕೆ ಒರಗಿಸಿ, ಅದರ ಮೇಲೆ ಎರಡು ಹಾಸಿಗೆ ಒಣಹಾಕಿದೆವು. ಊರು ಹುಲ್ಲಿನ ಮೇಲೆ ಹರಡಿತು. ಮೊದಲು ಎಲ್ಲರೂ ಅಂಚಿನಲ್ಲಿ ಚಪ್ಪಲಿ ಬಿಟ್ಟು ಅಂಜುತ್ತಾ ಕಾಲಿಟ್ಟರು. ಆಮೇಲೆ ಪುಟ್ಟತಾಯವ್ವ ನಡುಮಧ್ಯದಲ್ಲಿ ಮೆಣಸಿನಕಾಯಿ ಸುರಿದಳು. ಅವತ್ತಿನ ಆ ಕೂಸು ಹುಲ್ಲು ಕಿತ್ತು ಬಾಯಿಗಿಟ್ಟುಕೊಂಡಿತು. ಬಸವಂತ ಹಾಲಿಗೆ ಹೋಗಿ ‘ಮುಟ್ಟಬಾರದು’ ಫಲಕ ತಂದು ಅಮ್ಮನ ಸಂಡಿಗೆಯ ಪಕ್ಕ ನೆಟ್ಟ, ಕಾಗೆ ಬರದಿರಲಿ ಎಂದು. ಕಾಗೆಗಳು ಬಂದವು. ಅವೂ ನಮ್ಮ ಕಾಲೇಜಿನಲ್ಲೇ ಓದಿರಬೇಕು.

ಪ್ರಿನ್ಸಿಪಾಲರು ಕಿಟಕಿಯಿಂದ ನೋಡಿದವರು ಮೆಟ್ಟಿಲು ಇಳಿದು ಓಡಿಬಂದರು. “ಯಾರ್ರೀ ಗೇಟು ಬಿಚ್ಚಿದ್ದು? ಯಾರು ಕಲಿಸಿದ್ದು ನಿಮಗಿದನ್ನೆಲ್ಲಾ?” ಎಂದು ಕೂಗುತ್ತಾ ಬಂದವರು ನಮ್ಮಮ್ಮನ ಚಾಪೆಯ ಹತ್ತಿರ ಬಂದು ನಿಂತರು. ಅವರ ನೆರಳು, ಇನ್ನೂ ಕಳಚದ ಸನ್ಮಾನದ ಶಾಲು ಸಮೇತ, ಆಗತಾನೇ ಇಟ್ಟ ಹಸಿ ಸಂಡಿಗೆಯ ಮೇಲೆ ಉದ್ದಕ್ಕೂ ಬಿತ್ತು.

ಅಮ್ಮ ಸಂಡಿಗೆ ಇಡುತ್ತಿದ್ದ ಕೈಯನ್ನು ಹಾಗೇ ಹಿಡಿದು, ತಲೆಯೆತ್ತಿ, ಅವರನ್ನೇ ನೋಡುತ್ತಾ ಕಾದಳು. ಅವರು ಸುತ್ತ ನೋಡಿದರು. ಎಲ್ಲ ಚಾಪೆಗಳೂ ಕಾಯುತ್ತಿದ್ದವು.

“ತಗೊಂಡೆ” ಅಂದರು, ಹಲ್ಲಿನ ಸಂದಿಯಿಂದ.

“ಕೊಡಿ” ಅಂದಳು ಅಮ್ಮ, ಮತ್ತೆ ಸಂಡಿಗೆ ಇಡತೊಡಗಿದಳು.